ಪೀಣ್ಯದಿಂದ ನೈರೋಬಿಗೆ: ಸಣ್ಣ ಉದ್ದಿಮೆಗಳ ವ್ಯಾಪಾರ ನಿಯೋಗವನ್ನು ಕಟ್ಟುವ ಬಗೆ

ಕೀನ್ಯಾದ ರಾಜಧಾನಿ ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದ ಯಂತ್ರೋಪಕರಣ ಮಳಿಗೆಯೊಂದರಲ್ಲಿ ನಮ್ಮ ತಂಡದ ಉದ್ದಿಮೆದಾರರೊಬ್ಬರು ತಮ್ಮ ಹಿಟ್ಟಿನ ಗಿರಣಿಯ ಗುಣಗಳನ್ನು ಇಪ್ಪತ್ತು ನಿಮಿಷ ವಿವರಿಸಿದರು. ಎದುರಿಗೆ ಕುಳಿತಿದ್ದ ವ್ಯಾಪಾರಿ ಎಲ್ಲವನ್ನೂ ಸಮಾಧಾನದಿಂದ ಕೇಳಿ, ಕೊನೆಗೆ ಒಂದೇ ಪ್ರಶ್ನೆ ಹಾಕಿದರು: ಮೊಂಬಾಸಾ ಬಂದರಿಗೆ ತಂದು ಮುಟ್ಟಿಸಿದರೆ ಬೆಲೆ ಎಷ್ಟು? ನಮ್ಮವರಿಗೆ ಗೊತ್ತಿದ್ದುದು ಪೀಣ್ಯದ ಕಾರ್ಖಾನೆಯ ಬಾಗಿಲಿನ ಬೆಲೆ ಮಾತ್ರ. ಅದನ್ನೇ ಹೇಳಿ, ಉಳಿದದ್ದನ್ನು ಊರಿಗೆ ಹೋದ ಮೇಲೆ ಲೆಕ್ಕ ಹಾಕಿ ತಿಳಿಸುತ್ತೇನೆ ಎಂದರು. ವ್ಯಾಪಾರಿ ನೋಟ್‌ಬುಕ್ ಮುಚ್ಚಿ ಚಹಾ ತರಿಸಿದರು. ಚಹಾ ಚೆನ್ನಾಗಿತ್ತು, ವ್ಯವಹಾರ ಅಲ್ಲಿಗೆ ಮುಗಿದಿತ್ತು.

ಆ ಒಂದು ಪ್ರಶ್ನೆಗೆ ಪ್ರತಿಯೊಬ್ಬ ಸದಸ್ಯನೂ ವಿಮಾನ ಹತ್ತುವ ಮೊದಲೇ ಉತ್ತರ ಸಿದ್ಧಪಡಿಸಿಕೊಂಡಿರುವಂತೆ ನೋಡಿಕೊಳ್ಳುವುದೇ ನಿಯೋಗ ಕಟ್ಟುವವರ ಮುಖ್ಯ ಕೆಲಸ ಎಂಬುದು ನನ್ನ ಅಭಿಪ್ರಾಯ. ಕೈಗಾರಿಕಾ ಸಂಘಗಳ ಪದಾಧಿಕಾರಿಗಳನ್ನೂ, ಮೊದಲ ಬಾರಿ ಹೊರದೇಶದ ಮಾರುಕಟ್ಟೆಯತ್ತ ನೋಡುತ್ತಿರುವ ಸಣ್ಣ ಉದ್ದಿಮೆದಾರರನ್ನೂ ಮನಸ್ಸಿನಲ್ಲಿಟ್ಟುಕೊಂಡು, ಕೃಷಿ ಸಂಸ್ಕರಣಾ ಯಂತ್ರಗಳನ್ನು ಕೀನ್ಯಾಕ್ಕೆ ಒಯ್ಯುವ ನಿಯೋಗದ ಉದಾಹರಣೆಯ ಮೂಲಕ ಇದನ್ನು ಬರೆದಿದ್ದೇನೆ. ಸರಕು ಮತ್ತು ದೇಶ ಬದಲಾದರೆ ವಿವರಗಳು ಬದಲಾಗುತ್ತವೆ, ಕೆಲಸದ ಅನುಕ್ರಮ ಬಹುಮಟ್ಟಿಗೆ ಇದೇ ಇರುತ್ತದೆ.

ನಿಯೋಗ ಮತ್ತು ವಸ್ತುಪ್ರದರ್ಶನ ಬೇರೆ ಬೇರೆ

ವಸ್ತುಪ್ರದರ್ಶನದಲ್ಲಿ ನಾವು ಮಳಿಗೆ ಹಾಕಿ ಕುಳಿತಿರುತ್ತೇವೆ, ಖರೀದಿದಾರ ತಾನಾಗಿ ಬರಬೇಕು. ವ್ಯಾಪಾರ ನಿಯೋಗದಲ್ಲಿ ಯಾರನ್ನು, ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ ಕಾಣಬೇಕೆಂಬುದು ಊರಿನಲ್ಲಿರುವಾಗಲೇ ಗೊತ್ತಾಗಿರುತ್ತದೆ. ಸಣ್ಣ ಉದ್ದಿಮೆಗೆ ಎರಡನೆಯದೇ ಹೆಚ್ಚು ಹೊಂದುತ್ತದೆ, ಏಕೆಂದರೆ ಅದಕ್ಕೆ ಬೇಕಾಗಿರುವುದು ಸಾವಿರ ಜನರ ಕಣ್ಣಿಗೆ ಬೀಳುವುದಲ್ಲ. ತನ್ನಂತಹ ಸರಕನ್ನು ಅಲ್ಲಿ ಈಗಾಗಲೇ ಮಾರುತ್ತಿರುವ ಆರೇಳು ಜನರೊಡನೆ ಬಾಗಿಲು ಮುಚ್ಚಿಕೊಂಡು ಅರ್ಧ ಗಂಟೆ ಮಾತನಾಡುವುದು.

ಮೊದಲ ನಿಯೋಗ ಮುಗಿಸಿ ಬಂದವರು ಎಷ್ಟು ಆರ್ಡರ್ ತಂದರು ಎಂದು ಕೇಳುವುದು ರೂಢಿ, ಆದರೆ ಅದು ತಪ್ಪು ಪ್ರಶ್ನೆ. ನಮ್ಮ ಸರಕು ಅಲ್ಲಿ ನಡೆಯುತ್ತದೆಯೇ, ನಡೆಯುವುದಾದರೆ ಯಾವ ಬೆಲೆಗೆ, ಯಾರ ಮೂಲಕ ಎಂಬುದು ತಿಳಿದರೆ ಮೊದಲ ಪ್ರಯಾಣದ ಖರ್ಚು ಹುಟ್ಟಿದಂತೆ. ನಡೆಯುವುದಿಲ್ಲ ಎಂಬ ಖಚಿತ ಉತ್ತರ ಸಿಕ್ಕಿದರೂ ಅದು ಲಾಭವೇ.

ಮೊದಲ ಹೆಜ್ಜೆ: ಸರಕನ್ನು ಹಿಡಿದು ದೇಶವನ್ನು ಹುಡುಕುವುದು

ಅನೇಕ ಸಂಘಗಳು ಮೊದಲು ದೇಶವನ್ನು ತೀರ್ಮಾನಿಸಿ, ಆಮೇಲೆ ಬರುವವರು ಯಾರೆಂದು ಕೇಳುತ್ತವೆ. ಹೀಗೆ ಹೊರಟ ತಂಡದಲ್ಲಿ ಊದುಬತ್ತಿಯವರು, ಸಾಫ್ಟ್‌ವೇರ್‌ನವರು, ಗ್ರಾನೈಟ್‌ನವರು ಎಲ್ಲರೂ ಸೇರಿರುತ್ತಾರೆ. ಅಲ್ಲಿನ ಆತಿಥೇಯರು ಇವರನ್ನು ಯಾರಿಗೆ ಪರಿಚಯಿಸಬೇಕೆಂದು ತಿಳಿಯದೆ ಎಲ್ಲರನ್ನೂ ಒಂದೇ ಸಭಾಂಗಣದಲ್ಲಿ ಕೂರಿಸಿ ಭಾಷಣ ಮಾಡಿಸುತ್ತಾರೆ. ಒಂದು ನಿಯೋಗ, ಒಂದು ಸರಕಿನ ಗುಂಪು ಎಂಬ ನಿಯಮ ಇಟ್ಟುಕೊಳ್ಳುವುದು ಒಳ್ಳೆಯದು.

ಸರಕು ಗೊತ್ತಾದ ಮೇಲೆ ಅದರ ಎಚ್‌ಎಸ್ ಸಂಕೇತವನ್ನು, ಅಂದರೆ ಕಸ್ಟಮ್ಸ್‌ನವರು ಸರಕನ್ನು ವಿಂಗಡಿಸಲು ಬಳಸುವ ಅಂಕಿಯನ್ನು, ನಿಖರವಾಗಿ ಗುರುತಿಸಬೇಕು. ಧಾನ್ಯ ಬೀಸುವ, ಸ್ವಚ್ಛಗೊಳಿಸುವ ಯಂತ್ರಗಳು 8437ರ ಅಡಿಯಲ್ಲಿ ಬರುತ್ತವೆ. ಈ ಸಂಕೇತದ ಮೊದಲ 6 ಅಂಕಿಗಳು ಜಗತ್ತಿನ ಬಹುತೇಕ ಎಲ್ಲ ದೇಶಗಳಲ್ಲಿ ಒಂದೇ ಆಗಿರುವುದರಿಂದ, ಜಿನೀವಾದ ಇಂಟರ್‌ನ್ಯಾಷನಲ್ ಟ್ರೇಡ್ ಸೆಂಟರ್ ನಡೆಸುವ ಟ್ರೇಡ್ ಮ್ಯಾಪ್ ಜಾಲತಾಣದಲ್ಲಿ ಅದನ್ನು ಹಾಕಿ, ಯಾವ ದೇಶ ಯಾರಿಂದ ಎಷ್ಟು ಮೌಲ್ಯದ ಸರಕನ್ನು ತರಿಸಿಕೊಳ್ಳುತ್ತಿದೆ ಎಂಬುದನ್ನು ಮನೆಯಲ್ಲೇ ಕುಳಿತು ನೋಡಬಹುದು. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಆರಂಭಿಸಿದ ಟ್ರೇಡ್ ಕನೆಕ್ಟ್ ವೇದಿಕೆಯಲ್ಲಿಯೂ ದೇಶವಾರು ಸುಂಕ ಮತ್ತು ಒಪ್ಪಂದಗಳ ಮಾಹಿತಿ ದೊರೆಯುತ್ತದೆ.

ಅಂಕಿಅಂಶಗಳಲ್ಲಿ ಕಾಣದ ಕಾರಣಗಳೂ ಇರುತ್ತವೆ, ಅವುಗಳನ್ನು ಬಲ್ಲವರಿಂದ ಕೇಳಿ ತಿಳಿಯಬೇಕು. ಕೀನ್ಯಾದ ನಿತ್ಯದ ಊಟವಾದ ಉಗಾಲಿ ನಮ್ಮ ಮುದ್ದೆಯ ಹತ್ತಿರದ ಬಂಧು, ಆದರೆ ಬಹುಪಾಲು ಮೆಕ್ಕೆಜೋಳದ ಹಿಟ್ಟಿನದು. ಅಲ್ಲಿನವರು ವಿಂಬಿ ಎಂದು ಕರೆಯುವ ಧಾನ್ಯ ನಮ್ಮ ರಾಗಿಯೇ, ಅದರ ಗಂಜಿಗೆ ಉಜಿ ಎಂದು ಹೆಸರು. ರಾಗಿಯ ತವರೂ ಪೂರ್ವ ಆಫ್ರಿಕಾದ ಎತ್ತರದ ನೆಲವೇ. ಹಳ್ಳಿ ಹಳ್ಳಿಯಲ್ಲಿ ಪೋಶೊ ಮಿಲ್ ಎಂಬ ಹಿಟ್ಟಿನ ಗಿರಣಿ ಇರುತ್ತದೆ. ಜೊತೆಗೆ ಅಲ್ಲಿನ ವಿದ್ಯುತ್ತು ನಮ್ಮಲ್ಲಿರುವಂತೆ 50 ಹರ್ಟ್ಸ್, ಮೂರು ಫೇಸಿಗೆ 415 ವೋಲ್ಟ್. ಹೀಗಾಗಿ ನಮ್ಮ ಮೋಟಾರು ಬದಲಾವಣೆಯಿಲ್ಲದೆ ಓಡುತ್ತದೆ; 60 ಹರ್ಟ್ಸ್ ಇರುವ ದೇಶವನ್ನು ಆರಿಸಿಕೊಂಡಿದ್ದರೆ ಮೋಟಾರಿನಿಂದಲೇ ಹೊಸ ಲೆಕ್ಕ ಶುರುವಾಗುತ್ತಿತ್ತು. ಕೀನ್ಯಾ ನೆರೆಯ ದೇಶಗಳ ವ್ಯಾಪಾರ ಒಕ್ಕೂಟವಾದ ಪೂರ್ವ ಆಫ್ರಿಕಾ ಸಮುದಾಯದ ಸದಸ್ಯ ರಾಷ್ಟ್ರವಾಗಿರುವುದರಿಂದ ನೈರೋಬಿಯ ವ್ಯಾಪಾರಿಯ ಗಿರಾಕಿಗಳು ಉಗಾಂಡಾ, ರುವಾಂಡಾಗಳಲ್ಲಿಯೂ ಇರುತ್ತಾರೆ.

ಸ್ಪರ್ಧಿ ಯಾರೆಂಬುದನ್ನೂ ಮರೆಯಬಾರದು. ಚೀನಾದ ಯಂತ್ರಗಳ ವಿಷಯ ಎಲ್ಲರಿಗೂ ಗೊತ್ತು. ಅದಕ್ಕಿಂತ ಹತ್ತಿರದ ಸ್ಪರ್ಧಿಗಳು ನೈರೋಬಿಯ ಕಮುಕುಂಜಿಯಂತಹ ಕಡೆ ತಗಡು ಬಡಿದು, ವೆಲ್ಡಿಂಗ್ ಮಾಡಿ ಯಂತ್ರ ಕಟ್ಟುವ ಜುವಾ ಕಾಲಿ ಕುಶಲಕರ್ಮಿಗಳು. ಜುವಾ ಕಾಲಿ ಎಂದರೆ ಸ್ವಾಹಿಲಿಯಲ್ಲಿ ಉರಿಬಿಸಿಲು. ಸೂರಿಲ್ಲದೆ ಬಯಲಲ್ಲಿ ದುಡಿಯುವವರಿಗೆ ಬಂದ ಹೆಸರು ಅದು. ಸಾಗಣೆಯಿಲ್ಲದ, ಆಮದಿನ ತೆರಿಗೆಯಿಲ್ಲದ ಅವರ ಬೆಲೆಯೊಡನೆ ನಾವು ಸೆಣಸಲಾರೆವು. ಹಿಟ್ಟಿನ ನಯ, ಯಂತ್ರದ ಬಾಳಿಕೆ, ಬಿಡಿಭಾಗದ ಲಭ್ಯತೆ, ಈ ಮೂರರಲ್ಲಿ ಒಂದಾದರೂ ನಮ್ಮ ಕೈಯಲ್ಲಿರಬೇಕು.

ಎರಡನೆಯ ಹೆಜ್ಜೆ: ಯಾರನ್ನು ಕರೆದೊಯ್ಯಬೇಕು

ಎಂಟರಿಂದ ಹನ್ನೆರಡು ಉದ್ದಿಮೆಗಳು ಸಾಕು. ಅದಕ್ಕಿಂತ ಹೆಚ್ಚಾದರೆ ಭೇಟಿಗಳನ್ನು ಹೊಂದಿಸಲಾಗುವುದಿಲ್ಲ, ಬಸ್ಸಿನಲ್ಲಿ ಒಬ್ಬರಿಗಾಗಿ ಇನ್ನೊಬ್ಬರು ಕಾಯುವುದರಲ್ಲೇ ಮಧ್ಯಾಹ್ನವಾಗುತ್ತದೆ. ಒಂದೇ ಬಗೆಯ ಯಂತ್ರ ಮಾಡುವ ಇಬ್ಬರನ್ನು ಸೇರಿಸಿಕೊಳ್ಳದಿರುವುದು ಲೇಸು, ಏಕೆಂದರೆ ಮೂರನೆಯ ದಿನದ ಹೊತ್ತಿಗೆ ಅವರು ಪರಸ್ಪರರ ಬೆಲೆ ಇಳಿಸತೊಡಗುತ್ತಾರೆ, ಲಾಭ ಖರೀದಿದಾರನಿಗೆ. ಗಿರಣಿಯವರು, ಕಾಳು ಸ್ವಚ್ಛಗೊಳಿಸುವ ಯಂತ್ರದವರು, ಪ್ಯಾಕಿಂಗ್ ಯಂತ್ರದವರು, ಬೆಳಗಾವಿ ಅಥವಾ ಶಿವಮೊಗ್ಗದ ಫೌಂಡ್ರಿಯವರು, ಪಂಪಿನವರು ಹೀಗೆ ಒಬ್ಬರ ಗಿರಾಕಿ ಇನ್ನೊಬ್ಬರಿಗೂ ಗಿರಾಕಿಯಾಗುವಂತೆ ತಂಡವನ್ನು ಹೆಣೆಯಬೇಕು.

ಬರುವವರು ಬೆಲೆಯನ್ನು ಅಲ್ಲೇ ತೀರ್ಮಾನಿಸಬಲ್ಲ ಮಾಲೀಕರೋ ಪಾಲುದಾರರೋ ಆಗಿರಬೇಕು. ಈಗಿರುವ ಗಿರಾಕಿಗಳಿಗೇ ಸಮಯಕ್ಕೆ ಸರಿಯಾಗಿ ಸರಕು ಕೊಡಲಾಗದ ಘಟಕಕ್ಕೆ ಈ ವರ್ಷ ಬೇಡ ಎಂದು ನಯವಾಗಿ ಹೇಳಿಬಿಡಬೇಕು. ಸಂಘದ ಪದಾಧಿಕಾರಿಗಳು ಈ ನಿಷ್ಠುರಕ್ಕೆ ಅಂಜಿದರೆ ಅದರ ಬೆಲೆಯನ್ನು ಇಡೀ ತಂಡ ತೆರುತ್ತದೆ. ಊರು ನೋಡುವ ಆಸೆಯಿಂದ ಬರುವವರ ವಿಷಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯ ಹೆಜ್ಜೆ: ಕಾಗದಪತ್ರ ಮತ್ತು ನೆರವು

ಹೊರಡುವುದಕ್ಕೆ ಕನಿಷ್ಠ ನಾಲ್ಕು ತಿಂಗಳು ಮೊದಲು ಈ ಕೆಲಸ ಆರಂಭವಾಗಬೇಕು. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಜಾಲತಾಣದಲ್ಲಿ 500 ರೂಪಾಯಿ ಶುಲ್ಕ ಕಟ್ಟಿದರೆ ಆಮದು-ರಫ್ತು ಸಂಕೇತ, ಅಂದರೆ ಐಇಸಿ ಸಿಗುತ್ತದೆ. ಅದನ್ನು ಪ್ರತಿವರ್ಷ ಏಪ್ರಿಲ್‌ನಿಂದ ಜೂನ್‌ವರೆಗಿನ ಅವಧಿಯಲ್ಲಿ, ಬದಲಾವಣೆ ಏನೂ ಇಲ್ಲದಿದ್ದರೂ, ದೃಢಪಡಿಸಬೇಕು. ತಪ್ಪಿದರೆ ಸಂಕೇತ ನಿಷ್ಕ್ರಿಯವಾಗುತ್ತದೆ. ಹಳೆಯ ಐಇಸಿ ಇದೆ ಎಂದು ನಿಶ್ಚಿಂತರಾಗಿರುವ ಎಷ್ಟೋ ಜನರಿಗೆ ಈ ಸಂಗತಿ ತಿಳಿಯುವುದು ಮೊದಲ ಕನ್‌ಸೈನ್‌ಮೆಂಟ್ ಕಳುಹಿಸುವ ದಿನ. ಇದರ ಜೊತೆಗೆ ರಫ್ತಿನ ಹಣ ಬರುವ ಬ್ಯಾಂಕನ್ನು ಗುರುತಿಸುವ ಎಡಿ ಕೋಡನ್ನು ಕಸ್ಟಮ್ಸ್‌ನ ಜಾಲತಾಣವಾದ ಐಸ್‌ಗೇಟ್‌ನಲ್ಲಿ ನೋಂದಾಯಿಸಬೇಕು, ಐಜಿಎಸ್‌ಟಿ ತೆರಿಗೆ ಕಟ್ಟದೆ ರಫ್ತು ಮಾಡಲು ಪ್ರತಿ ಹಣಕಾಸು ವರ್ಷಕ್ಕೂ ಎಲ್‌ಯುಟಿ ಎಂಬ ಮುಚ್ಚಳಿಕೆ ಸಲ್ಲಿಸಬೇಕು, ಸರಕಿಗೆ ಸಂಬಂಧಪಟ್ಟ ರಫ್ತು ಮಂಡಳಿಯ ಸದಸ್ಯತ್ವ ಪತ್ರವಾದ ಆರ್‌ಸಿಎಂಸಿ ಪಡೆಯಬೇಕು. ಎಂಜಿನಿಯರಿಂಗ್ ಸರಕಿಗೆ ಇಇಪಿಸಿ, ಕೃಷಿ ಮತ್ತು ಸಂಸ್ಕರಿತ ಆಹಾರಕ್ಕೆ ಅಪೆಡಾ, ಸಾಂಬಾರ ಪದಾರ್ಥಗಳಿಗೆ ಸ್ಪೈಸಸ್ ಬೋರ್ಡ್, ಹಲವು ಬಗೆಯ ಸರಕು ಇದ್ದರೆ ಫಿಯೋ.

ಹಣದ ನೆರವಿಗೆ ಹಲವು ಬಾಗಿಲುಗಳಿವೆ. ಕೇಂದ್ರ ಎಂಎಸ್‌ಎಂಇ ಸಚಿವಾಲಯದ ಅಂತರರಾಷ್ಟ್ರೀಯ ಸಹಕಾರ ಯೋಜನೆಗೆ ಉದ್ದಿಮೆದಾರ ಒಬ್ಬಂಟಿಯಾಗಿ ಹೋಗುವಂತಿಲ್ಲ. ಕೈಗಾರಿಕಾ ಸಂಘ ಅಥವಾ ಸರ್ಕಾರಿ ಸಂಸ್ಥೆ ಮುಂಚಿತವಾಗಿ ಅರ್ಜಿ ಹಾಕಬೇಕು, ಸದಸ್ಯರ ಬಳಿ ಸಣ್ಣ ಉದ್ದಿಮೆಗಳಿಗಿರುವ ಉದ್ಯಮ್ ನೋಂದಣಿ ಇರಬೇಕು. ಇದೇ ಯೋಜನೆಯಲ್ಲಿ ಮೊದಲ ಬಾರಿ ರಫ್ತು ಮಾಡುವವರಿಗಾಗಿ ಆರ್‌ಸಿಎಂಸಿ ಶುಲ್ಕ, ರಫ್ತು ವಿಮೆಯ ಕಂತು, ಪರೀಕ್ಷೆ ಮತ್ತು ಪ್ರಮಾಣೀಕರಣದ ವೆಚ್ಚಗಳನ್ನು ಮರಳಿಸುವ ಭಾಗವೂ ಇದೆ. 2025ರ ನವೆಂಬರಿನಲ್ಲಿ ಕೇಂದ್ರ ಸಂಪುಟ 25,060 ಕೋಟಿ ರೂಪಾಯಿಯ ರಫ್ತು ಉತ್ತೇಜನ ಮಿಷನ್‌ಗೆ ಒಪ್ಪಿಗೆ ಕೊಟ್ಟಿದೆ. ಅದರ ನಿರ್ಯಾತ್ ದಿಶಾ ಎಂಬ ಭಾಗ ಮಾರುಕಟ್ಟೆ ಪ್ರವೇಶಕ್ಕೆ ಸಂಬಂಧಿಸಿದ್ದು. ರಾಜ್ಯ ಮಟ್ಟದಲ್ಲಿ ರಫ್ತು ಉತ್ತೇಜನದ ನೋಡಲ್ ಸಂಸ್ಥೆ ವಿಶ್ವೇಶ್ವರಯ್ಯ ವಾಣಿಜ್ಯ ಉತ್ತೇಜನ ಕೇಂದ್ರ. 1949ರಿಂದ ಇರುವ ಸಣ್ಣ ಕೈಗಾರಿಕೆಗಳ ಸಂಘ ಕಾಸಿಯಾ ಮತ್ತು 1916ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ಹುಟ್ಟಿದ ವಾಣಿಜ್ಯ ಮಹಾಸಂಘ ಎಫ್‌ಕೆಸಿಸಿಐಗಳಲ್ಲಿ ಹಿಂದೆ ಹೋಗಿ ಬಂದವರ ಅನುಭವ ಕೇಳಲು ಸಿಗುತ್ತದೆ, ಅದು ಸಹಾಯಧನಕ್ಕಿಂತ ಬೆಲೆಯುಳ್ಳದ್ದು.

ಒಂದು ಎಚ್ಚರಿಕೆ: ಇಂತಹ ನೆರವು ಹೆಚ್ಚಾಗಿ ಖರ್ಚು ಮಾಡಿದ ಮೇಲೆ ಬರುತ್ತದೆ. ಮೊದಲು ಕೈಯಿಂದ ಹಾಕುವ ಶಕ್ತಿ ಇರಬೇಕು. ಟಿಕೆಟ್, ಬೋರ್ಡಿಂಗ್ ಪಾಸ್, ಹೋಟೆಲ್ ಬಿಲ್‌ಗಳ ಮೂಲಪ್ರತಿಗಳನ್ನು ಒಬ್ಬರೇ ಜವಾಬ್ದಾರಿ ವಹಿಸಿ ಆಯಾ ದಿನವೇ ಸಂಗ್ರಹಿಸಿಟ್ಟುಕೊಳ್ಳಬೇಕು.

ನಾಲ್ಕನೆಯ ಹೆಜ್ಜೆ: ಮೊಂಬಾಸಾದ ಬೆಲೆ

ಇಲ್ಲಿ ಸ್ವಲ್ಪ ನಿಧಾನಿಸಬೇಕು. ಲೆಕ್ಕಕ್ಕೆಂದು ಕಾರ್ಖಾನೆಯ ಬಾಗಿಲಿನಲ್ಲಿ 60,000 ರೂಪಾಯಿ ಬೆಲೆಯ ಒಂದು ಗಿರಣಿಯನ್ನು ಇಟ್ಟುಕೊಳ್ಳೋಣ. ಮುಂದಿನ ಅಂಕಿಗಳೂ ವಿಧಾನ ತೋರಿಸುವುದಕ್ಕಾಗಿ ಮಾತ್ರ, ನಿಜವಾದ ದರವನ್ನು ಕ್ಲಿಯರಿಂಗ್ ಏಜೆಂಟರಿಂದ ಬರಹದಲ್ಲಿ ಪಡೆಯಬೇಕು. ಮರದ ಪೆಟ್ಟಿಗೆಗೆ 3,500. ಈ ಮರ ಐಎಸ್‌ಪಿಎಂ-15 ಎಂಬ ಅಂತರರಾಷ್ಟ್ರೀಯ ಮಾನದಂಡದಂತೆ ಕಾಯಿಸಿದ್ದೋ ಹೊಗೆ ಹಾಯಿಸಿದ್ದೋ ಆಗಿದ್ದು, ಅದರ ಮೇಲೆ ಮುದ್ರೆ ಇರಬೇಕು. ಬೀದಿ ಕೊನೆಯ ಸಾಮಿಲ್ಲಿನ ಹಲಗೆ ನಡೆಯುವುದಿಲ್ಲ. ವೈಟ್‌ಫೀಲ್ಡಿನ ಒಳನಾಡು ಕಂಟೇನರ್ ಡಿಪೋವರೆಗಿನ ಲಾರಿ ಬಾಡಿಗೆ, ಅಲ್ಲಿಂದ ಬಂದರಿನವರೆಗಿನ ಸಾಗಣೆಯ ಪಾಲು ಮತ್ತು ಏಜೆಂಟರ ಶುಲ್ಕ ಸೇರಿ 4,500. ಕೀನ್ಯಾದ ಮಾನಕ ಸಂಸ್ಥೆಯಾದ ಕೆಬ್ಸ್ ನೇಮಿಸಿದ ತಪಾಸಣಾ ಕಂಪನಿಯವರು ಸರಕು ಹೊರಡುವ ಮೊದಲೇ ಪರಿಶೀಲಿಸಿ ಕೊಡುವ ಪಿವಿಒಸಿ ಪ್ರಮಾಣಪತ್ರದ ವೆಚ್ಚದಲ್ಲಿ ಒಂದು ಯಂತ್ರದ ಪಾಲು 3,000. ಇದು ಬೇಕಾದ ಸರಕು ಇದಿಲ್ಲದೆ ಹೋದರೆ ಅಲ್ಲಿನ ಬಂದರಿನಲ್ಲಿ ತಪಾಸಣೆ, ದಂಡ, ದಿನಗಟ್ಟಲೆ ಕಾಯುವಿಕೆ ಎಲ್ಲವೂ ಕಾದಿರುತ್ತವೆ. ಇಲ್ಲಿಗೆ 71,000 ಆಯಿತು, ಇದು ಎಫ್‌ಒಬಿ ಬೆಲೆ, ಅಂದರೆ ನಮ್ಮ ಬಂದರಿನಲ್ಲಿ ಹಡಗಿಗೆ ಏರಿಸುವವರೆಗಿನ ಬೆಲೆ. ಹಡಗಿನ ಬಾಡಿಗೆ ಮತ್ತು ವಿಮೆಗೆ 9,000 ಸೇರಿಸಿದರೆ ಮೊಂಬಾಸಾದ ಸಿಐಎಫ್ ಬೆಲೆ 80,000. ಕಂಟೇನರ್ ಸರಕಿಗೆ ಇವೆರಡರ ಬದಲು ಎಫ್‌ಸಿಎ, ಸಿಐಪಿ ಎಂಬ ವ್ಯಾಪಾರ ಪದಗಳನ್ನು ಬರೆಯುವುದು ಹೆಚ್ಚು ಸರಿಯೆಂದು ಪರಿಣತರು ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ವ್ಯಾಪಾರಿಗಳ ಬಾಯಲ್ಲಿ ಓಡಾಡುವುದು ಎಫ್‌ಒಬಿ, ಸಿಐಎಫ್‌ಗಳೇ.

ಲೆಕ್ಕ ಇಲ್ಲಿಗೇ ನಿಲ್ಲಬಾರದು, ಖರೀದಿದಾರನ ಗೋದಾಮಿನವರೆಗೂ ಅದನ್ನು ಹಿಂಬಾಲಿಸಬೇಕು. ಪೂರ್ವ ಆಫ್ರಿಕಾ ಸಮುದಾಯದ ದೇಶಗಳೆಲ್ಲ ಹೊರಗಿನ ಸರಕಿಗೆ ಒಂದೇ ರೀತಿ ಹಾಕುವ ಸುಂಕದಲ್ಲಿ 0, 10, 25 ಮತ್ತು 35 ಶೇಕಡಾ ಎಂಬ ನಾಲ್ಕು ಮಟ್ಟಗಳಿವೆ; ಕೊನೆಯದು 2022ರ ಜುಲೈನಿಂದ ಬಂದದ್ದು. ಬಂಡವಾಳ ಯಂತ್ರಗಳು ಸಾಮಾನ್ಯವಾಗಿ ಕೆಳಗಿನ ಮಟ್ಟದಲ್ಲಿಯೂ ಸಿದ್ಧ ಗ್ರಾಹಕ ವಸ್ತುಗಳು ಮೇಲಿನ ಮಟ್ಟಗಳಲ್ಲಿಯೂ ಇರುತ್ತವೆ. ಅದರ ಮೇಲೆ ಆಮದು ಘೋಷಣಾ ಶುಲ್ಕ, ರೈಲ್ವೆ ಅಭಿವೃದ್ಧಿ ಲೆವಿ, ವಿನಾಯಿತಿ ಇಲ್ಲದ ಸರಕಿಗೆ 16 ಶೇಕಡಾ ವ್ಯಾಟ್, ಮೊಂಬಾಸಾದಿಂದ ನೈರೋಬಿಗೆ ರೈಲು ಅಥವಾ ಲಾರಿಯ ಸಾಗಣೆ. ಸುಂಕ ಸೊನ್ನೆಯೆಂದು ಹಿಡಿದರೂ ನಮ್ಮ 80,000ದ ಯಂತ್ರ ಆತನ ಬಾಗಿಲಿಗೆ ಹೋಗುವಾಗ ಒಂದು ಲಕ್ಷ ಮುಟ್ಟುತ್ತದೆ. ಆತನ ಲಾಭವೂ ಸೇರಿದರೆ ರೈತನೋ ಗಿರಣಿಯವನೋ ಕೊಡಬೇಕಾದ ಬೆಲೆ 1,25,000 ಆದೀತು.

ಈಗ ಎಣಿಸಬೇಕಾದದ್ದು ಹಿಂದುಮುಂದಾಗಿ: ಅಂತಹ ಗಿರಣಿ ಅಲ್ಲಿ ಈಗ ಎಷ್ಟಕ್ಕೆ ಮಾರಾಟವಾಗುತ್ತಿದೆ? ಅದು 1,10,000 ಎಂದು ಗೊತ್ತಾದರೆ ನಾವು ಇಳಿಸಬೇಕಾದದ್ದೆಷ್ಟು, ಕರಾರುವಾಕ್ಕಾಗಿ ಎಲ್ಲಿ ಇಳಿಸಬಹುದು ಎಂಬುದು ಕಾಣತೊಡಗುತ್ತದೆ. ಯಂತ್ರವನ್ನು ಬಿಡಿಬಿಡಿಯಾಗಿ ಕಳುಹಿಸಿ ಪೆಟ್ಟಿಗೆಯ ಗಾತ್ರ ಕುಗ್ಗಿಸಬಹುದು, ತಂಡದ ಮೂವರು ಸೇರಿ ಒಂದು ಕಂಟೇನರ್ ತುಂಬಬಹುದು, ಸುಂಕ ಮರುಪಾವತಿ ಮತ್ತು ರಫ್ತು ಸರಕಿನ ಮೇಲಿನ ಇತರ ತೆರಿಗೆಗಳನ್ನು ಮರಳಿಸುವ ರಾಡ್‌ಟೆಪ್ ಯೋಜನೆಯಿಂದ ಬರುವ ಮೊತ್ತವನ್ನು ಬೆಲೆಯೊಳಗೆ ಹಿಡಿಯಬಹುದು. ಪ್ರತಿ ಸದಸ್ಯನೂ ಈ ಲೆಕ್ಕದ ಒಂದು ಹಾಳೆ ಮಾಡಿ ಸಂಘಕ್ಕೆ ತೋರಿಸುವವರೆಗೆ ಟಿಕೆಟ್ ಕಾಯ್ದಿರಿಸಬಾರದು ಎಂಬ ನಿಯಮವನ್ನು ಆ ಚಹಾದ ನಂತರ ನಾವು ಮಾಡಿಕೊಂಡೆವು.

ಐದನೆಯ ಹೆಜ್ಜೆ: ಭೇಟಿಗಳನ್ನು ಗೊತ್ತುಮಾಡುವುದು

ನೈರೋಬಿಯ ಭಾರತೀಯ ಹೈಕಮಿಷನ್ನಿನ ವಾಣಿಜ್ಯ ವಿಭಾಗಕ್ಕೆ ಎರಡು ತಿಂಗಳು ಮೊದಲೇ ಬರೆಯಬೇಕು. ಇಂತಿಂತಹ ನಿಯೋಗ ಬರುತ್ತಿದೆ, ಸಹಕರಿಸಿ ಎಂಬ ಒಕ್ಕಣೆಯಿಂದ ಏನೂ ಆಗುವುದಿಲ್ಲ. ಪ್ರತಿ ಉದ್ದಿಮೆಗೂ ಒಂದು ಪುಟ: ಯಂತ್ರದ ಚಿತ್ರ, ಎಚ್‌ಎಸ್ ಸಂಕೇತ, ಸಾಮರ್ಥ್ಯ, ಸಿಐಎಫ್ ಬೆಲೆಯ ಅಂದಾಜು, ಯಾವ ಬಗೆಯ ಖರೀದಿದಾರ ಬೇಕು ಎಂಬ ವಿವರ. ಇದನ್ನೇ ಕೀನ್ಯಾ ರಾಷ್ಟ್ರೀಯ ವಾಣಿಜ್ಯ ಮತ್ತು ಕೈಗಾರಿಕಾ ಮಂಡಳಿಗೂ ಅಲ್ಲಿನ ತಯಾರಕರ ಸಂಘಕ್ಕೂ ಕಳುಹಿಸಬೇಕು. ಅವರು ಕೊಟ್ಟ ಹೆಸರುಗಳಿಗೆ ಉದ್ದಿಮೆದಾರರು ಸ್ವತಃ ಫೋನ್ ಮಾಡಬೇಕು, ಅಲ್ಲಿನ ಸಮಯ ನಮಗಿಂತ ಎರಡೂವರೆ ಗಂಟೆ ಹಿಂದೆ ಎಂಬುದನ್ನು ನೆನಪಿಟ್ಟುಕೊಂಡು. ಒಬ್ಬ ಸದಸ್ಯನಿಗೆ ದಿನಕ್ಕೆ ಮೂರು ಭೇಟಿ ಸಾಕು. ನೈರೋಬಿಯ ವಾಹನ ದಟ್ಟಣೆಯನ್ನು ಬೆಂಗಳೂರಿನವರಿಗೆ ವಿವರಿಸುವ ಅಗತ್ಯವಿಲ್ಲ.

ಕಾಲದ ಆಯ್ಕೆಯೂ ಇದಕ್ಕೆ ಸೇರಿದ್ದು. ಎಲ್ಡೊರೆಟ್, ಕಿಟಾಲೆ ಸೀಮೆಯಲ್ಲಿ ಮೆಕ್ಕೆಜೋಳದ ಮುಖ್ಯ ಕೊಯ್ಲು ಸುಮಾರಾಗಿ ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ನಡೆಯುವುದರಿಂದ ಅದಕ್ಕಿಂತ ನಾಲ್ಕೈದು ತಿಂಗಳು ಮುಂಚೆ ಹೋದರೆ ಸರಕು ಸಮಯಕ್ಕೆ ತಲುಪಬಹುದು. ಐದು ವರ್ಷಕ್ಕೊಮ್ಮೆ ಆಗಸ್ಟಿನ ಎರಡನೆಯ ಮಂಗಳವಾರ ಅಲ್ಲಿ ಸಾರ್ವತ್ರಿಕ ಚುನಾವಣೆ. 2022ರಲ್ಲಿ ನಡೆದಿದೆ, ಮುಂದಿನದು 2027ರಲ್ಲಿ. ಆ ತಿಂಗಳುಗಳಲ್ಲಿ ವ್ಯಾಪಾರಿಗಳು ಹೊಸ ಸರಕಿಗೆ ಹಣ ಹಾಕಲು ಹಿಂಜರಿಯುತ್ತಾರೆ.

ಆರನೆಯ ಹೆಜ್ಜೆ: ಪ್ರಯಾಣದ ಸಿದ್ಧತೆ

ಕೀನ್ಯಾ 2024ರ ಜನವರಿಯಿಂದ ವೀಸಾ ಬದಲಿಗೆ ಇಟಿಎ ಎಂಬ ಆನ್‌ಲೈನ್ ಪ್ರವೇಶಾನುಮತಿಯನ್ನು ಜಾರಿಗೆ ತಂದಿದೆ. ಅದಕ್ಕಿಂತ ಮುಖ್ಯವಾದದ್ದು ಹಳದಿ ಜ್ವರದ ಲಸಿಕೆ. ಇದನ್ನು ಅಧಿಕೃತ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಪ್ರಮಾಣಪತ್ರ ಊರ್ಜಿತವಾಗುವುದು ಹಾಕಿಸಿಕೊಂಡ ಹತ್ತು ದಿನಗಳ ಮೇಲೆ. ಅದಿಲ್ಲದೆ ಕೀನ್ಯಾದಿಂದ ಮರಳಿದವರನ್ನು ನಮ್ಮದೇ ವಿಮಾನ ನಿಲ್ದಾಣದಲ್ಲಿ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಕ್ಯಾಟಲಾಗ್‌ಗಳನ್ನು ಪ್ಲಾಸ್ಟಿಕ್ ಕೈಚೀಲಗಳಲ್ಲಿ ತುಂಬಿಕೊಂಡು ಹೋಗಬೇಡಿ. 2017ರ ಆಗಸ್ಟಿನಿಂದ ಅವು ಅಲ್ಲಿ ನಿಷಿದ್ಧ. ಬಟ್ಟೆಯ ಚೀಲ ಒಯ್ದರೆ ಅದೇ ಉಡುಗೊರೆಯೂ ಆಗುತ್ತದೆ.

ನಮ್ಮ ತಂಡದವರೊಬ್ಬರು ಪ್ರಾತ್ಯಕ್ಷಿಕೆಗೆಂದು ಮೇಜಿನ ಮೇಲಿಡುವ ಪುಟ್ಟ ಗಿರಣಿಯನ್ನು ಲಗೇಜಿನಲ್ಲಿ ತಂದಿದ್ದರು. ಸಂತೆಗೆ ಮೂರು ಮೊಳ ನೇಯ್ದಂತೆ ಹಿಂದಿನ ರಾತ್ರಿ ಕಟ್ಟಿದ ಗಂಟು ಅದು. ಹೋಟೆಲಿನ ಸಭಾಂಗಣದಲ್ಲಿ ಎಲ್ಲರೂ ಸೇರಿದ ಮೇಲೆ ನೋಡಿದರೆ ಗೋಡೆಯಲ್ಲಿದ್ದುದು ಚೌಕ ಪಿನ್ನಿನ ಬ್ರಿಟಿಷ್ ಮಾದರಿಯ ಸಾಕೆಟ್. ನಮ್ಮ ಮೂರು ದುಂಡು ಪಿನ್ನಿನ ಪ್ಲಗ್ ಅದರೊಳಗೆ ಹೋಗಲೊಲ್ಲದು. ಅಡಾಪ್ಟರ್ ಹುಡುಕಿ ತರುವಷ್ಟರಲ್ಲಿ ಬಂದವರಲ್ಲಿ ಅರ್ಧ ಜನ ಹೊರಟುಹೋಗಿದ್ದರು.

ಏಳನೆಯ ಹೆಜ್ಜೆ: ಅಲ್ಲಿ ಕಳೆಯುವ ಐದು ದಿನ

ಮೊದಲ ದಿನ ಯಾರ ಭೇಟಿಯನ್ನೂ ಇಟ್ಟುಕೊಳ್ಳದೆ ಮಾರುಕಟ್ಟೆಯಲ್ಲಿ ಓಡಾಡಬೇಕು. ರಿವರ್ ರೋಡಿನ ಸಗಟು ಅಂಗಡಿಗಳಲ್ಲಿ, ಇಂಡಸ್ಟ್ರಿಯಲ್ ಏರಿಯಾದ ಮಳಿಗೆಗಳಲ್ಲಿ, ಕಮುಕುಂಜಿಯ ಬಯಲಿನಲ್ಲಿ ನಮ್ಮಂತಹ ಸರಕಿನ ಬೆಲೆ ಕೇಳಿ ಬರೆದುಕೊಂಡು, ರಾತ್ರಿ ಹೋಟೆಲಿನಲ್ಲಿ ಎಲ್ಲರೂ ತಮ್ಮ ಹಾಳೆಯನ್ನು ತಿದ್ದಿಕೊಳ್ಳಬೇಕು. ವ್ಯವಹಾರ ಇಂಗ್ಲಿಷಿನಲ್ಲೇ ನಡೆಯುತ್ತದೆ, ಆದರೂ ‘ಬೇ ಗಾನಿ’ ಎಂದು ಬೆಲೆ ಕೇಳಲು, ‘ಅಸಾಂಟೆ’ ಎಂದು ಧನ್ಯವಾದ ಹೇಳಲು ಕಲಿತಿದ್ದರೆ ಅಂಗಡಿಯವರ ಮುಖ ಅರಳುತ್ತದೆ.

ಭೇಟಿಗಳಲ್ಲಿ ಗಮನಿಸಬೇಕಾದದ್ದು ಖರೀದಿದಾರ ಯಾವುದನ್ನು ಮುಟ್ಟುತ್ತಾನೆ ಎಂಬುದನ್ನು. ಒಬ್ಬ ಹಿರಿಯ ವ್ಯಾಪಾರಿ ನಮ್ಮ ಪುಟ್ಟ ಗಿರಣಿಯಲ್ಲಿ ಬೀಸಿದ ವಿಂಬಿಯ ಹಿಟ್ಟನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಉಜ್ಜಿ ನೋಡಿದರು. ಮುಚ್ಚಳ ತೆಗೆಸಿ ಒಳಗಿನ ಜಾಲರಿಯನ್ನು ಬೆಳಕಿಗೆ ಹಿಡಿದರು. ಅವರು ಯಂತ್ರದ ಬೆಲೆ ಕೇಳಲೇ ಇಲ್ಲ. ಜಾಲರಿ ಎಷ್ಟಕ್ಕೆ, ಒಳಗೆ ಕಾಳನ್ನು ಬಡಿದು ಪುಡಿಮಾಡುವ ಬಡಿಗೆ ಎಷ್ಟಕ್ಕೆ, ಇಲ್ಲಿ ಯಾರ ಬಳಿ ಸಿಗುತ್ತದೆ ಎಂದು ಕೇಳಿದರು. ಯಂತ್ರ ಒಮ್ಮೆ ಮಾರುವ ಸರಕು, ಬಿಡಿಭಾಗ ಪ್ರತಿವರ್ಷ ಮಾರುವಂಥದ್ದು ಎಂಬುದು ಅವರಿಗೆ ಗೊತ್ತಿತ್ತು. ನಮ್ಮ ಬಳಿ ಬಿಡಿಭಾಗಗಳ ದರಪಟ್ಟಿಯೇ ಇರಲಿಲ್ಲ. ಪ್ರತಿ ಭೇಟಿಯ ನಂತರ, ವಾಹನ ಹತ್ತಿದ ಕೂಡಲೇ, ಇಂತಹ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಬೇಕು, ರಾತ್ರಿಗೆ ಉಳಿಸಿದರೆ ವಿಸಿಟಿಂಗ್ ಕಾರ್ಡುಗಳು ಮಾತ್ರ ನೆನಪಿನಲ್ಲಿರುತ್ತವೆ.

ಸರ್ಕಾರಿ ಟೆಂಡರ್ ಕೊಡಿಸುತ್ತೇನೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಎನ್ನುವವರು ಎಲ್ಲ ದೇಶಗಳಲ್ಲಿಯೂ ಎದುರಾಗುತ್ತಾರೆ. ಹಣ ಕೊಡುವ ಮೊದಲು ಹೈಕಮಿಷನ್ನಿನಲ್ಲಿ ವಿಚಾರಿಸಿ.

ಎಂಟನೆಯ ಹೆಜ್ಜೆ: ಹಿಂದಿರುಗಿದ ಮೇಲಿನ ತೊಂಬತ್ತು ದಿನ

ಊರಿಗೆ ಬಂದ ಎರಡು ದಿನಗಳೊಳಗೆ ಪ್ರತಿ ಭೇಟಿಗೂ ಒಂದು ಪತ್ರ ಹೋಗಬೇಕು. ಅದರಲ್ಲಿ ಅವರು ಕೇಳಿದ್ದ ಪ್ರಶ್ನೆಗೆ ಉತ್ತರವೂ, ಇಷ್ಟು ದಿನ ಊರ್ಜಿತ ಎಂದು ನಮೂದಿಸಿದ ಕೊಟೇಶನ್ನೂ ಇರಬೇಕು. ಜಾಲರಿಯಂತಹ ಸಣ್ಣ ಮಾದರಿಗಳನ್ನು ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರಗಳ ಮೂಲಕ ಕಳುಹಿಸಬಹುದು. ಮೊದಲ ಆರ್ಡರ್‌ಗೆ ಸ್ವಲ್ಪ ಮುಂಗಡ, ಉಳಿದದ್ದು ಬ್ಯಾಂಕಿನ ಮೂಲಕ ದಾಖಲೆ ಕೊಡುವಾಗ ಎಂಬ ಷರತ್ತು ಇಬ್ಬರಿಗೂ ಸಹ್ಯವಾಗುತ್ತದೆ. ಸಾಲದ ಮೇಲೆ ಕೊಡಲೇಬೇಕಾದರೆ 1957ರಿಂದ ರಫ್ತಿನ ಸಾಲಕ್ಕೆ ವಿಮೆ ಕೊಡುತ್ತಿರುವ ಸರ್ಕಾರಿ ಸಂಸ್ಥೆ ಇಸಿಜಿಸಿಯಿಂದ ಆ ಖರೀದಿದಾರನ ಸಾಲದ ಮಿತಿಯನ್ನು ಕೇಳಿ ತಿಳಿದು, ವಿಮೆ ಮಾಡಿಸಿದ ಮೇಲೆಯೇ ಸರಕು ಹೊರಡಬೇಕು.

ಸಂಘದವರು ಮೂವತ್ತು, ಅರವತ್ತು, ತೊಂಬತ್ತನೆಯ ದಿನಗಳಲ್ಲಿ ಸದಸ್ಯರನ್ನು ಸೇರಿಸಿ, ಯಾರ ಪತ್ರಕ್ಕೆ ಉತ್ತರ ಬಂತು, ಯಾರ ಬೆಲೆ ಎಲ್ಲಿ ಸೋತಿತು ಎಂದು ಬರೆದಿಡಬೇಕು. ಹನ್ನೆರಡು ಜನರಲ್ಲಿ ಇಬ್ಬರಿಗೋ ಮೂವರಿಗೋ ಮಾತುಕತೆ ಮುಂದುವರಿದಿರುತ್ತದೆ. ಎರಡನೆಯ ಪ್ರಯಾಣ ಅವರಿಗಾಗಿ ಮಾತ್ರ, ಸಭೆ ಸಮಾರಂಭವಿಲ್ಲದೆ ನಡೆಯಬೇಕು. ನಮ್ಮ ಗಿರಣಿಯವರು ಎರಡನೆಯ ಸಲ ಹೊರಟಾಗ ಅವರ ಚೀಲದಲ್ಲಿ ಯಂತ್ರ ಇರಲಿಲ್ಲ. ಮೂರು ಅಳತೆಯ ಜಾಲರಿಗಳು, ಒಂದು ಜೊತೆ ಬಡಿಗೆ, ಬಿಡಿಭಾಗಗಳ ದರಪಟ್ಟಿ ಮತ್ತು ಚೌಕ ಪಿನ್ನಿನ ಒಂದು ಪ್ಲಗ್ ಇದ್ದವು.